ಕರೆಂಟ್ ಹೋದಾಗ ಜೋರಾಗುವ ಸದ್ದು

ಪ್ರಶ್ನೆ: ನನಗೆ 47 ವರ್ಷ. ದೊಡ್ಡಬಳ್ಳಾಪುರದಲ್ಲಿ ಮನೆಗೆ ಹೊಂದಿಕೊಂಡೇ ನಾಲ್ಕು ಪವರ್‌ಲೂಮ್ ಹಾಕಿಕೊಂಡಿದ್ದೇವೆ. 22 ವರ್ಷದಿಂದ ಇದೇ ಕೆಲಸ. ಈಗ ಮಗನೂ ಜೊತೆಗಿದ್ದಾನೆ. ಏಳೆಂಟು ತಿಂಗಳಿಂದ ಎರಡೂ ಕಿವಿಯಲ್ಲಿ ಗುಯ್ ಅಂತ ಸದ್ದು. ಎಡಗಿವಿಯಲ್ಲಿ ಸ್ವಲ್ಪ ಜಾಸ್ತಿ. ಮಗ್ಗ ಓಡುವಾಗ ಗೊತ್ತಾಗುವುದಿಲ್ಲ. ಕರೆಂಟ್ ಹೋದರೆ, ರಾತ್ರಿ ಮಲಗಿದರೆ ತಲೆಯೆಲ್ಲ ಅದೇ ತುಂಬಿಕೊಳ್ಳುತ್ತದೆ. ಎರಡು ಮೂರು ಗಂಟೆ ನಿದ್ದೆ ಬಂದರೆ ಹೆಚ್ಚು. ಒಬ್ಬರು ನರದ ವೀಕ್‌ನೆಸ್ ಅಂತ ಮಾತ್ರೆ ಕೊಟ್ಟರು, ಮೂರು ತಿಂಗಳು ನುಂಗಿದೆ. ಮನೆಯಲ್ಲಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟರು. ಏನೂ ಕಡಿಮೆಯಾಗಿಲ್ಲ. ಇನ್ನೊಬ್ಬ ಡಾಕ್ಟರು ‘ಇದಕ್ಕೆ ಔಷಧಿ ಇಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದುಬಿಟ್ಟರು. ಇದು ಹುಚ್ಚಿನ ಶುರುವಾ? ಪೂರ್ತಿ ಕಿವುಡಾಗುತ್ತೇನಾ? ಜೀವನಪೂರ್ತಿ ಹೀಗೇನಾ?
– ಹೆಸರು ಬೇಡ, ದೊಡ್ಡಬಳ್ಳಾಪುರ

ಉತ್ತರ: ನಿಮ್ಮ ಕೊನೆಯ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಹೇಳುತ್ತೇನೆ. ಅವು ತಲೆಯಲ್ಲಿ ಕೊರೆಯುತ್ತಿದ್ದರೆ ಮಿಕ್ಕಿದ್ದು ಯಾವುದೂ ಒಳಗೆ ಇಳಿಯುವುದಿಲ್ಲ.

ಇದು ಹುಚ್ಚಲ್ಲ. ಕೆಲವು ಮಾನಸಿಕ ಕಾಯಿಲೆಗಳಲ್ಲಿ ಯಾರೋ ಬೈದ ಹಾಗೆ, ಕರೆದ ಹಾಗೆ ಮಾತುಗಳು ಕೇಳಿಸುತ್ತವೆ. ಅದು ಬೇರೆ. ನಿಮಗೆ ಕೇಳುತ್ತಿರುವುದು ಬರೀ ಸದ್ದು. ಇದಕ್ಕೆ ಇಂಗ್ಲಿಷ್‌ನಲ್ಲಿ ಟಿನಿಟಸ್ ಅನ್ನುತ್ತಾರೆ, ನಾವು ಕಿವಿಮೊರೆತ ಅನ್ನುತ್ತೇವೆ, ಆಯುರ್ವೇದದಲ್ಲಿ ಕರ್ಣನಾದ ಅಂತ ಹೆಸರು. ಪ್ರಪಂಚದ ಬೇರೆಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2022ರಲ್ಲಿ ಒಂದು ಲೆಕ್ಕ ಬಂತು. ದೊಡ್ಡವರಲ್ಲಿ ನೂರಕ್ಕೆ ಸುಮಾರು 14 ಜನರಿಗೆ ಈ ಅನುಭವ ಇದೆ. ನಿಮ್ಮ ಹಾಗೆ ತುಂಬಾ ಕಷ್ಟಪಡುವವರು ನೂರಕ್ಕೆ ಎರಡು ಜನ. ನೀವು ಒಬ್ಬರೇ ಅಲ್ಲ, ನಿಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಜನ ಇದನ್ನು ಹೇಳಿಕೊಳ್ಳದೆ ಇರಬಹುದು.

ಕಿವುಡಿನ ವಿಷಯ. ಈ ಗುಯ್ ಸದ್ದು ಯಾರನ್ನೂ ಕಿವುಡು ಮಾಡುವುದಿಲ್ಲ. ಮಗ್ಗದ ಶಬ್ದ ಮಾಡುತ್ತದೆ. ಎರಡನ್ನೂ ಬೇರೆಬೇರೆ ನೋಡಬೇಕು. ಮೊದಲನೆಯದಕ್ಕೆ ಹೆದರಬೇಕಿಲ್ಲ. ಎರಡನೆಯದಕ್ಕೆ ಇವತ್ತಿನಿಂದಲೇ ಏನಾದರೂ ಮಾಡಬೇಕು.

ಜೀವನಪೂರ್ತಿ ಹೀಗೇನಾ ಅಂದಿರಿ. ಸದ್ದು ಉಳಿಯಬಹುದು. ನಿದ್ದೆಗೆಟ್ಟು ಕೂರುವ ಈ ಸ್ಥಿತಿ ಉಳಿಯಬೇಕಿಲ್ಲ. ‘ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದವರ ಮಾತು ಅರ್ಧ ನಿಜ. ಹೇಗೆ ಅಂತ ಹೇಳದೆ ಕಳಿಸಿದ್ದು ನನಗೆ ಬೇಸರ ತರಿಸುತ್ತದೆ. ಇಪ್ಪತ್ತು ವರ್ಷದಿಂದ ಶ್ರವಣ ಪರೀಕ್ಷೆ ಮಾಡುತ್ತಾ ಬಂದಿದ್ದೇನೆ. ಆ ಒಂದು ಮಾತು ಕೇಳಿಸಿಕೊಂಡು ಆಸೆಯನ್ನೇ ಬಿಟ್ಟು, ವರ್ಷಗಟ್ಟಲೆ ಒದ್ದಾಡಿ ಬಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಹೇಗೆ ಅನ್ನುವುದಕ್ಕೆ ದಾರಿ ಇದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಕಿವಿಯೊಳಗೆ ಏನಾಗಿದೆ ನೋಡೋಣ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಪುಟ್ಟ ಭಾಗ ಇದೆ, ಕಾಕ್ಲಿಯಾ. ಅದರೊಳಗೆ ಒಂದೊಂದು ಕಿವಿಗೂ ಸುಮಾರು 15,000 ರೋಮಕೋಶಗಳು. ಹೊಲದಲ್ಲಿ ರಾಗಿ ಪೈರು ಗಾಳಿಗೆ ಬಾಗಿ ಏಳುವ ಹಾಗೆ, ಶಬ್ದ ಬಂದಾಗಲೆಲ್ಲ ಇವುಗಳ ಎಳೆಗಳು ಬಾಗಿ ಏಳುತ್ತವೆ. ಆ ಅಲುಗಾಟವೇ ನರದ ಮೂಲಕ ಮಿದುಳಿಗೆ ಹೋಗಿ ಶಬ್ದವಾಗಿ ಕೇಳಿಸುತ್ತದೆ. ಜೋರು ಗಾಳಿ ದಿನವೂ ಬೀಸಿದರೆ ಪೈರು ನೆಲಕ್ಕೆ ಮಲಗುತ್ತದೆ ಅಲ್ವಾ? ಹಾಗೆಯೇ ಇವೂ ಹಾಳಾಗುತ್ತವೆ. ಮನುಷ್ಯರಲ್ಲಿ ಇವು ಮತ್ತೆ ಹುಟ್ಟುವುದಿಲ್ಲ.

ಶಬ್ದ ಎಷ್ಟು ಜೋರು ಅನ್ನುವುದನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಪವರ್‌ಲೂಮ್ ಶೆಡ್ಡಿನಲ್ಲಿ ಅದು 90 ದಾಟುವುದು ಸಾಮಾನ್ಯ. ನಮ್ಮ ಕಾರ್ಖಾನೆ ನಿಯಮಗಳು ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಅನ್ನು ಮಿತಿ ಅಂತ ಇಟ್ಟುಕೊಂಡಿವೆ. ಕಿವಿಯ ದೃಷ್ಟಿಯಿಂದ ನೋಡಿದರೆ 85 ದಾಟಿದ ಮೇಲೆಯೇ ಅಪಾಯ ಶುರು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸುರಕ್ಷಿತವಾಗಿ ಇರಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. 85ಕ್ಕೆ 8 ಗಂಟೆ, 88ಕ್ಕೆ 4, 91ಕ್ಕೆ 2, 94ಕ್ಕೆ ಬರೀ ಒಂದು ಗಂಟೆ. ನೀವು ದಿನಕ್ಕೆ ಎಷ್ಟು ಹೊತ್ತು ಮಗ್ಗದ ಮುಂದೆ ನಿಲ್ಲುತ್ತೀರಿ, 22 ವರ್ಷಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಹೀಗೆ ಹಾಳಾಗುವಾಗ ಮೊದಲು ಹೋಗುವುದು ಕೀರಲು ಸದ್ದನ್ನು ಹಿಡಿಯುವ ಕೋಶಗಳು. ಅದಕ್ಕೇ ನಿಮಗೆ ‘ಕೇಳುತ್ತೆ, ಆದರೆ ಏನಂದ್ರು ಅಂತ ತಿಳಿಯಲ್ಲ’ ಅನ್ನಿಸುತ್ತಿರಬಹುದು. ಸ, ಶ, ಫ ಇಂಥ ಅಕ್ಷರಗಳ ಸದ್ದು ಇರುವುದೇ ಆ ಜಾಗದಲ್ಲಿ. ಮದುವೆ ಮನೆಯ ಗಲಾಟೆಯಲ್ಲಿ ಮಾತು ಹಿಡಿಯಲು ಕಷ್ಟವಾಗುತ್ತಿದೆಯಾ? ಟಿವಿ ಸೌಂಡ್ ಕಡಿಮೆ ಮಾಡಿ ಅಂತ ಮನೆಯವರು ಹೇಳುತ್ತಿದ್ದಾರಾ? ಈ ಎರಡಕ್ಕೆ ಹೌದು ಅಂತಾದರೆ ಕೇಳುವ ಶಕ್ತಿ ಸ್ವಲ್ಪ ಇಳಿದಿದೆ ಅಂತ ಅರ್ಥ.

ಕಿವಿಯಿಂದ ಬರಬೇಕಾದ ಸದ್ದು ಬಾರದೇ ಇದ್ದಾಗ ಮಿದುಳು ಸುಮ್ಮನಿರುವುದಿಲ್ಲ. ದೂರದ ಸ್ಟೇಷನ್ ಹಿಡಿಯಲು ರೇಡಿಯೊ ವಾಲ್ಯೂಮ್ ತಿರುಗಿಸುತ್ತೇವಲ್ಲ, ಹಾಗೆ ಅದು ತನ್ನ ಒಳಗಿನ ವಾಲ್ಯೂಮ್ ಏರಿಸುತ್ತದೆ. ಸ್ಟೇಷನ್ ಸಿಗುವುದಿಲ್ಲ, ಗೊರಗೊರ ಮಾತ್ರ ಜೋರಾಗುತ್ತದೆ. ನಿಮ್ಮ ಗುಯ್ ಸದ್ದು ಹೆಚ್ಚುಕಡಿಮೆ ಅದೇ. ಹುಟ್ಟಲು ಕಾರಣ ಕಿವಿ, ನಡೆಯುತ್ತಿರುವುದು ಮಿದುಳಿನಲ್ಲಿ. ಕಿವಿಗೆ ಏನು ಸುರಿದರೂ ನಿಲ್ಲದೇ ಇರುವುದಕ್ಕೆ ಇದೇ ಕಾರಣ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡರೆ ಗುಂಯ್ ಅಂತ ಕೇಳುತ್ತಲ್ಲ, ಅದು ರಾವಣನ ಚಿತೆ ಇನ್ನೂ ಉರಿಯುತ್ತಿರುವ ಸದ್ದು ಅಂತ. ನೀವೂ ಚಿಕ್ಕವರಿದ್ದಾಗ ಕೇಳಿರಬಹುದು. ಒಳಗಿನ ಸದ್ದು ಎಲ್ಲರಿಗೂ ಇದೆ ಅನ್ನುವುದು ಆ ಕಥೆ ಕಟ್ಟಿದವರಿಗೆ ಗೊತ್ತಿತ್ತು. 1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವ ಇಬ್ಬರು, ಕಿವಿ ಚೆನ್ನಾಗಿರುವ 80 ಜನರನ್ನು ಒಬ್ಬೊಬ್ಬರಾಗಿ ಹೊರಗಿನ ಸದ್ದೇ ನುಸುಳದ ಕೋಣೆಯಲ್ಲಿ ಕೂರಿಸಿದರು. ಅವರಲ್ಲಿ ನೂರಕ್ಕೆ 94 ಜನ ಏನೋ ಸದ್ದು ಕೇಳಿಸಿತು ಅಂದರು. ಗುಯ್, ಝೇಂಕಾರ, ಸಿಳ್ಳೆ, ಹೀಗೆ. ಪೂರ್ತಿ ಮೌನದಲ್ಲಿ ಒಳಗಿನ ಸದ್ದು ಮೇಲೆ ಬರುತ್ತದೆ. ಕರೆಂಟ್ ಹೋದ ಕೂಡಲೇ ನಿಮಗೆ ಆಗುವುದು ಅದೇ. ನಾಲ್ಕು ಮಗ್ಗದ ಗದ್ದಲ ಒಂದೇ ಸಲ ನಿಂತಾಗ ಒಳಗಿನ ಸದ್ದು ಬಯಲಿಗೆ ಬೀಳುತ್ತದೆ. ಜೋರಾಗಿದ್ದು ಸದ್ದಲ್ಲ, ಅದರ ಸುತ್ತ ಇದ್ದದ್ದೆಲ್ಲ ಇಳಿದುಹೋಯಿತು. ಹಗಲಲ್ಲಿ ಹಚ್ಚಿಟ್ಟ ದೀಪ ಯಾರಿಗೂ ಕಾಣುವುದಿಲ್ಲ, ಅದೇ ದೀಪ ರಾತ್ರಿ ಮನೆಯೆಲ್ಲ ಬೆಳಗುತ್ತದೆ.

ಹಾಗಾದರೆ ನೂರಕ್ಕೆ 14 ಜನರಿಗೆ ಸದ್ದಿದ್ದರೂ ಎರಡೇ ಜನ ಯಾಕೆ ಹೀಗೆ ನರಳುತ್ತಾರೆ? ಸಾಗರದ ಕಡೆಯಿಂದ ಬಂದಿದ್ದ ಒಬ್ಬ ರಿಟೈರ್ಡ್ ಟೀಚರ್ ನನಗೆ ಇದನ್ನು ಯಾವ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿಕೊಟ್ಟರು. ಅವರ ಮನೆ ತೋಟದ ನಡುವೆ. ಸಂಜೆಯಾದರೆ ಜೀರುಂಡೆ ಕೂಗು. ಮಳೆಗಾಲವೆಲ್ಲ ಅದನ್ನು ಕೇಳಿಕೊಂಡೇ ಮಲಗಿದ್ದಾರೆ, ಹಾಯಾಗಿ. ಚಳಿ ಬಂದ ಮೇಲೂ ಕೂಗು ನಿಲ್ಲಲಿಲ್ಲ, ಅವರು ಗಮನಿಸಲೂ ಇಲ್ಲ. ಒಂದು ರಾತ್ರಿ ಮೊಮ್ಮಗನಿಗೆ ‘ಜೀರುಂಡೆ ನೋಡೋ ಎಷ್ಟು ಕೂಗ್ತಿದೆ’ ಅಂದರಂತೆ. ಅವನು ‘ಎಲ್ಲಿ ಅಜ್ಜಿ? ಏನೂ ಕೇಳ್ತಿಲ್ವಲ್ಲ’ ಅಂದ. ಅಷ್ಟೇ. ಆ ರಾತ್ರಿಯಿಂದ ಅವರಿಗೆ ನಿದ್ದೆ ಇಲ್ಲ.

ಸದ್ದು ಹಿಂದಿನ ದಿನವೂ ಅಷ್ಟೇ ಇತ್ತು. ಬದಲಾಗಿದ್ದು ಅದರ ಅರ್ಥ ಒಂದೇ. ಹೊರಗಿನ ಜೀರುಂಡೆ ಅಂದುಕೊಂಡಾಗ ಮಿದುಳು ಅದನ್ನು ಪಕ್ಕಕ್ಕೆ ಸರಿಸಿತ್ತು. ನನ್ನೊಳಗೇ ಏನೋ ಕೆಟ್ಟಿದೆ ಅಂದುಕೊಂಡ ಕೂಡಲೇ ಅದಕ್ಕೆ ಕಾವಲು ಕೂತಿತು. ಕಾವಲು ಕೂತರೆ ನಿದ್ದೆ ಬರುವುದಿಲ್ಲ, ನಿದ್ದೆಗೆಟ್ಟರೆ ಭಯ ಜಾಸ್ತಿ, ಭಯಕ್ಕೆ ಸದ್ದು ಇನ್ನೂ ಜೋರು. ಇದೊಂದು ಗಾಣ, ಸುತ್ತಿದಲ್ಲೇ ಸುತ್ತಿಸುತ್ತದೆ. ಪಾವೆಲ್ ಜಾಸ್ಟ್ರೆಬಾಫ್ ಅನ್ನುವ ವಿಜ್ಞಾನಿ 1990ರಲ್ಲಿ ಮುಂದಿಟ್ಟ ವಿವರಣೆಯ ಸಾರ ಇದೇ. ಇವತ್ತು ಟಿನಿಟಸ್‌ಗೆ ಕೊಡುವ ಒಳ್ಳೆಯ ಚಿಕಿತ್ಸೆಯೆಲ್ಲ ಆ ಗಾಣ ನಿಲ್ಲಿಸುವ ಕೆಲಸವನ್ನೇ ಮಾಡುತ್ತದೆ.

ಸಾಧ್ಯವಾ ಅಂತ ಕೇಳಬೇಡಿ. ನೀವು ಈಗಾಗಲೇ ಅದನ್ನು ದಿನಾ ಮಾಡುತ್ತಿದ್ದೀರಿ. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಹೊಸಬರು ಬಂದು ನಿಂತರೆ ಎರಡು ನಿಮಿಷಕ್ಕೆ ತಲೆ ಹಿಡಿದುಕೊಳ್ಳುತ್ತಾರೆ. ನಿಮಗೆ ಆ ಗದ್ದಲ ಗದ್ದಲ ಅಂತಲೇ ಅನ್ನಿಸುವುದಿಲ್ಲ. ಆದರೆ ಮೂರನೇ ಮಗ್ಗದ ಲಾಳಿ ಸದ್ದು ಒಂದು ಚೂರು ಬದಲಾದರೆ ಬೆನ್ನು ತಿರುಗಿಸಿ ನಿಂತಿದ್ದರೂ ಗೊತ್ತಾಗುತ್ತದೆ, ಅಲ್ವಾ? ಯಾವ ಸದ್ದಿಗೆ ಕಿವಿಗೊಡಬೇಕು, ಯಾವುದನ್ನು ಬಿಡಬೇಕು ಅಂತ ನಿಮ್ಮ ಮಿದುಳು 22 ವರ್ಷ ಕಲಿತಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹೀಗಿರಲಿಲ್ಲ. ನೀವು ಕೂತು ಪ್ರಯತ್ನಪಟ್ಟು ಕಲಿಯಲೂ ಇಲ್ಲ. ಅಪಾಯವಿಲ್ಲ ಅಂತ ಗೊತ್ತಾದ ಮೇಲೆ ಅದು ತಾನಾಗಿಯೇ ಆಯಿತು. ಈ ಗುಯ್ ಸದ್ದನ್ನೂ ಆ ಮಗ್ಗದ ಗದ್ದಲದ ಜಾಗಕ್ಕೆ ಕಳಿಸಬೇಕು. ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಮುಂದಿನದೆಲ್ಲ ಅದಕ್ಕೆ ದಾರಿ.

ಮೊದಲ ಹೆಜ್ಜೆ ಪರೀಕ್ಷೆ. ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಿ ಕಿವಿಯೊಳಗೆ ನೋಡಿಸಿ. ಬರೀ ಗುಗ್ಗೆ ತುಂಬಿ ಗುಯ್ಗುಡುವ ಕಿವಿಗಳೂ ಇವೆ, ತೆಗೆದರೆ ಸದ್ದು ಹೋಗುತ್ತದೆ. ಗುಗ್ಗೆಯನ್ನು ಡಾಕ್ಟರ್ ಕೈಯಲ್ಲೇ ತೆಗೆಸಿ. ಪಿನ್ನು, ಬೆಂಕಿಕಡ್ಡಿ, ಬಡ್ಸ್ ಹಾಕಬೇಡಿ, ಬೀದಿಯಲ್ಲಿ ಕಿವಿ ಕ್ಲೀನ್ ಮಾಡುವವರ ಹತ್ತಿರ ಹೋಗಬೇಡಿ. ಬೆಳ್ಳುಳ್ಳಿ ಎಣ್ಣೆಯನ್ನು ಇವತ್ತೇ ನಿಲ್ಲಿಸಿ. ಮನೆಯವರು ಪ್ರೀತಿಯಿಂದಲೇ ಮಾಡಿದ್ದು, ಅವರನ್ನು ಬೈಯಬೇಡಿ. ಆದರೆ ಕಿವಿಯ ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಬಿಸಿ ಹೆಚ್ಚಾದರೆ ಸುಡುತ್ತದೆ. ಕಿವಿ ಸದಾ ಒದ್ದೆಯಾಗಿದ್ದರೆ ಬೂಸ್ಟು ಬೆಳೆಯುತ್ತದೆ. ಬಿಪಿ, ಶುಗರ್, ಥೈರಾಯ್ಡ್, ರಕ್ತ ಕಡಿಮೆ ಇದೆಯಾ ಅನ್ನುವುದನ್ನೂ ಒಮ್ಮೆ ನೋಡಿಸಿಕೊಳ್ಳಿ. ಬೇರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಯನ್ನೂ ತೋರಿಸಿ. ಜಾಸ್ತಿ ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್ ಜಾತಿಯ ಇಂಜೆಕ್ಷನ್, ಕೆಲವು ಕ್ಯಾನ್ಸರ್ ಔಷಧಿಗಳು ಕಿವಿಗೆ ತೊಂದರೆ ಕೊಡಬಲ್ಲವು. ನೀವಾಗಿ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ.

ಆಮೇಲೆ ಆಡಿಯೊಮೆಟ್ರಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇಬಾರದು. ಸದ್ದು ಬಾರದ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತೇವೆ. ಟೀ… ಟೀ… ಅಂತ ಸಣ್ಣ ಸದ್ದು ಬರುತ್ತದೆ. ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ಅರ್ಧ ಗಂಟೆ ಕೆಲಸ, ನೋವಿಲ್ಲ. ಶಬ್ದದಿಂದ ಹಾಳಾದ ಕಿವಿಯ ಗ್ರಾಫ್ ನೋಡಿದ ಕೂಡಲೇ ತಿಳಿಯುತ್ತದೆ. ಸದ್ದು ಎಷ್ಟು ಕೀರಲು ಅನ್ನುವುದರ (ಪಿಚ್) ಅಳತೆ ಹರ್ಟ್ಸ್; ಗೆರೆ ನೇರವಾಗಿ ಬಂದು 4000 ಹರ್ಟ್ಸ್ ಸುತ್ತ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದು 8000ದಲ್ಲಿ ಸ್ವಲ್ಪ ಮೇಲೇಳುತ್ತದೆ. ನಿಮ್ಮ ಸದ್ದಿನ ಪಿಚ್ಚೂ ಬಹಳ ಸಲ ಆ ಗುಂಡಿಯ ಆಸುಪಾಸಿನಲ್ಲೇ ಇರುತ್ತದೆ.

ಆ ಕೋಣೆಯಲ್ಲೇ ಇನ್ನೊಂದು ಅಳತೆ ಮಾಡುತ್ತೇವೆ. ನಿಮ್ಮ ಒಳಗಿನ ಸದ್ದಿಗೆ ಸರಿಸಮವಾದ ಸದ್ದನ್ನು ಹೆಡ್‌ಫೋನಿನಲ್ಲಿ ಹುಡುಕುವುದು. ಎಷ್ಟು ಜೋರಿದೆ ಅಂತ ಕೇಳಿದರೆ ‘ರೈಲು ಹೋದ ಹಾಗೆ’ ಅನ್ನುತ್ತಾರೆ. ಅಳೆದಾಗ ಸಿಗುವುದು ಬಹಳ ಜನರಲ್ಲಿ, ಆ ಪಿಚ್ಚಿನಲ್ಲಿ ಅವರಿಗೆ ಕೇಳಿಸುವ ಅತಿ ಸಣ್ಣ ಸದ್ದಿಗಿಂತ ಐದೋ ಹತ್ತೋ ಡೆಸಿಬೆಲ್ ಹೆಚ್ಚು, ಅಷ್ಟೇ. ಅವರು ಸುಳ್ಳು ಹೇಳುತ್ತಿಲ್ಲ. ನೋವು ಪೂರ್ತಿ ನಿಜ. ಆದರೆ ಆ ಸಣ್ಣ ಸದ್ದನ್ನು ಇಷ್ಟು ದೊಡ್ಡದು ಮಾಡುತ್ತಿರುವುದು ಕಾವಲು ಕೂತ ಮಿದುಳು ಅನ್ನುವುದನ್ನು ಆ ಅಂಕಿ ತೋರಿಸುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆ ಕೆಲವರ ಭುಜ ಸಡಿಲವಾಗುವುದನ್ನು ನಾನು ಗಮನಿಸಿದ್ದೇನೆ.

ನಿಮ್ಮ ಎಡಗಿವಿಯಲ್ಲಿ ಜಾಸ್ತಿ ಅಂದಿದ್ದೀರಿ. ಎರಡೂ ಕಿವಿಯ ಗ್ರಾಫಿನಲ್ಲಿ ತುಂಬಾ ವ್ಯತ್ಯಾಸ ಕಂಡರೆ ಡಾಕ್ಟರ್ ಎಂಆರ್‌ಐ ಮಾಡಿಸಲು ಹೇಳಬಹುದು. ಕಿವಿಯ ನರದ ಮೇಲೆ ಗಂಟು ಬೆಳೆದಿದೆಯಾ ಅಂತ ನೋಡಲು. ಅದು ಅಪರೂಪ, ಇದ್ದರೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ವ್ಯತ್ಯಾಸ ಇಲ್ಲದಿದ್ದರೆ ಸುಮ್ನೆ ಸ್ಕ್ಯಾನಿಂಗ್‌ಗೆ ದುಡ್ಡು ಹಾಕಬೇಕಿಲ್ಲ.

ತಡ ಮಾಡಬಾರದ ಸಂಗತಿಗಳೂ ಇವೆ. ಒಂದು ದಿನ ಎದ್ದಾಗ ಇದ್ದಕ್ಕಿದ್ದ ಹಾಗೆ ಒಂದು ಕಿವಿ ಮುಚ್ಚಿದಂತಾಗಿ ಕೇಳಿಸದೇ ಹೋದರೆ ಅವತ್ತೇ ಇಎನ್‌ಟಿಗೆ ಹೋಗಿ. ಸ್ಟಿರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾಗಬೇಕು, ಎರಡು ವಾರ ಕಳೆದರೆ ಅದರಿಂದ ಉಪಯೋಗ ತುಂಬಾ ಕಡಿಮೆ. ಸದ್ದು ನಾಡಿ ಬಡಿತದ ತಾಳಕ್ಕೆ ಡಬ್ ಡಬ್ ಅಂತ ಬಂದರೆ ಅದು ಬೇರೆ ಜಾತಿಯದು, ರಕ್ತನಾಳಕ್ಕೆ ಸಂಬಂಧಿಸಿದ್ದಿರಬಹುದು. ತಲೆಸುತ್ತು, ವಾಂತಿ, ಕಿವಿ ಸೋರುವುದು, ಮುಖ ಒಂದು ಕಡೆ ವಾಲುವುದು, ಇವೂ ಹಾಗೆಯೇ, ಬೇಗ ತೋರಿಸಬೇಕು. ಮತ್ತೊಂದು ಮಾತು. ರಾತ್ರಿಯೆಲ್ಲ ಎಚ್ಚರವಿದ್ದು ಬದುಕೇ ಬೇಡ ಅನ್ನಿಸಿದರೆ ಅದನ್ನು ಒಳಗೇ ಇಟ್ಟುಕೊಳ್ಳಬೇಡಿ. ಮನೆಯವರಿಗೆ ಹೇಳಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಈಗ ಮಾತ್ರೆಯ ವಿಷಯ. ಈ ಸದ್ದನ್ನು ನಿಲ್ಲಿಸುತ್ತದೆ ಅಂತ ಸಾಬೀತಾದ ಮಾತ್ರೆ ಇವತ್ತಿನವರೆಗೆ ಇಲ್ಲ. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಬೀಟಾಹಿಸ್ಟಿನ್ ತಲೆಸುತ್ತಿಗೆ ಬಳಸುವ ಔಷಧಿ. ಬರೀ ಟಿನಿಟಸ್‌ಗೆ ಅದರಿಂದ ಉಪಯೋಗ ಕಂಡಿಲ್ಲ. ಗಿಂಕೊ ಬಿಲೋಬ, ಜಿಂಕ್ ಮಾತ್ರೆಗಳದ್ದೂ ಅದೇ ಕಥೆ. ಅಮೆರಿಕದ ಇಎನ್‌ಟಿ ತಜ್ಞರ ಅಕಾಡೆಮಿ 2014ರ ಮಾರ್ಗಸೂಚಿಯಲ್ಲಿ ಗಿಂಕೊ, ಜಿಂಕ್ ಎರಡನ್ನೂ ಟಿನಿಟಸ್‌ಗೆ ಕೊಡಬೇಡಿ ಅಂತಲೇ ಹೇಳಿದೆ. ಬಿ12 ರಕ್ತದಲ್ಲಿ ಕಡಿಮೆ ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಬೇಡ. ಫೋನಿನಲ್ಲಿ ‘ಏಳು ದಿನದಲ್ಲಿ ಗುಣ’ ಅಂತ ಬರುವ ಡ್ರಾಪ್ಸ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಾಲಿಗೆಗೆ ಸಣ್ಣ ವಿದ್ಯುತ್ ಮಿಡಿತ, ಕಿವಿಗೆ ಸದ್ದು ಎರಡನ್ನೂ ಒಟ್ಟಿಗೆ ಕೊಡುವ ಒಂದು ಸಾಧನಕ್ಕೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಅದರ ಹಿಂದೆ ಓಡುವ ಮೊದಲು ಕೈಗೆಟಕುವ ದಾರಿಗಳನ್ನು ಮುಗಿಸೋಣ.

ಗ್ರಾಫಿನಲ್ಲಿ ಕೇಳುವ ಶಕ್ತಿ ಇಳಿದಿರುವುದು ಕಂಡರೆ ನಾನು ಮೊದಲು ಹೇಳುವುದು ಶ್ರವಣ ಸಾಧನ. ವಯಸ್ಸಾದವರ ಸಾಮಾನು ಅಂತ ಮುಖ ತಿರುಗಿಸಬೇಡಿ. ಕಳೆದುಹೋದ ಸಣ್ಣಪುಟ್ಟ ಸದ್ದುಗಳು ಮತ್ತೆ ಒಳಗೆ ಬಂದರೆ ಮಿದುಳು ಏರಿಸಿಟ್ಟ ವಾಲ್ಯೂಮನ್ನು ಇಳಿಸಲು ದಾರಿಯಾಗುತ್ತದೆ. ಮಾತೂ ಚೆನ್ನಾಗಿ ತಿಳಿಯುತ್ತದೆ, ಕೇಳಿಸಿಕೊಳ್ಳಲು ಪಡುವ ಕಷ್ಟ ತಪ್ಪುತ್ತದೆ. ಸಾಗರದ ಟೀಚರಿಗೆ ಹೆಚ್ಚು ನೆರವಾಗಿದ್ದು ಇದೇ. ಸಾಧನ ಹಾಕಿಕೊಂಡ ಮೊದಲ ದಿನ ಅವರು ಹೇಳಿದ್ದು ಟಿನಿಟಸ್ ಬಗ್ಗೆ ಅಲ್ಲ, ‘ಸೀರೆ ನೆರಿಗೆ ಸರಸರ ಅನ್ನೋದು ಕೇಳ್ತಿದೆ’ ಅಂತ. ಆದರೆ ಕಿವಿಗೆ ತಕ್ಕ ಹಾಗೆ ಕಂಪ್ಯೂಟರಿನಲ್ಲಿ ಹೊಂದಿಸಿದ ಸಾಧನವೇ ಆಗಬೇಕು. ಅಂಗಡಿಯಲ್ಲಿ ಡಬ್ಬಿಯಿಂದ ತೆಗೆದು ಕೊಡುವ, ಎಲ್ಲವನ್ನೂ ಒಂದೇ ಸಮ ಜೋರು ಮಾಡುವ ಪೆಟ್ಟಿಗೆ ಬೇಡ. ಮಗ್ಗದ ಹತ್ತಿರ ಅದನ್ನು ತೆಗೆದಿಡಬೇಕು.

ಎರಡನೆಯದು ರಾತ್ರಿಯ ಮೌನ. ಮೌನ ನಿಮ್ಮ ವೈರಿ ಅಂತ ತಿಳಿಯಿರಿ. ಮಲಗುವ ಕೋಣೆಯಲ್ಲಿ ಒಂದು ಮೆತ್ತಗಿನ ಸದ್ದು ಇರಲಿ. ಟೇಬಲ್ ಫ್ಯಾನ್ ಗೋಡೆಯ ಕಡೆ ತಿರುಗಿಸಿಟ್ಟರೂ ಸಾಕು. ಇಲ್ಲದಿದ್ದರೆ ಫೋನಿನಲ್ಲಿ ಮಳೆಯ ಸದ್ದು, ನದಿಯ ಸದ್ದು ಹಾಕಿ. ಕರೆಂಟ್ ಹೋದರೂ ಫೋನ್ ಇರುತ್ತದೆ. ಹಾಡು, ಮಾತು ಬೇಡ, ಮನಸ್ಸು ಅದರ ಹಿಂದೆ ಹೋಗುತ್ತದೆ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ಗುಯ್ ಸದ್ದು ಮುಳುಗಿಹೋಗುವಷ್ಟು ಜೋರು ಇಡುತ್ತಾರೆ. ಹಾಗೆ ಮಾಡಬೇಡಿ. ಪೂರ್ತಿ ಮುಚ್ಚಿಟ್ಟರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುವುದು ಹೇಗೆ? ವಾಲ್ಯೂಮನ್ನು ನಿಧಾನವಾಗಿ ಏರಿಸಿ. ಮಳೆ ಮತ್ತು ಗುಯ್ ಎರಡೂ ಕೇಳುತ್ತಾ ಒಂದರೊಳಗೊಂದು ಬೆರೆಯಲು ಶುರುವಾಗುವ ಜಾಗ ಸಿಗುತ್ತದೆ. ಅದಕ್ಕಿಂತ ಒಂದು ಚೂರು ಕೆಳಗೆ ನಿಲ್ಲಿಸಿ. ಹಾಲಿಗೆ ನೀರು ಬೆರೆಸಿದ ಹಾಗೆ, ಹಾಲು ಇದೆ, ಆದರೆ ಗಟ್ಟಿ ಇಲ್ಲ. ಇಯರ್‌ಫೋನ್ ಬೇಡ, ಫೋನನ್ನು ಮಂಚದ ಪಕ್ಕ ಸ್ಟೂಲಿನ ಮೇಲಿಡಿ. ರಾತ್ರಿಯೆಲ್ಲ ಓಡಲಿ.

ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ, ನಿದ್ದೆ ಎಳೆದಾಗ ಮತ್ತೆ ಮಲಗಿ. ಗಡಿಯಾರ ನೋಡಬೇಡಿ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳುವ ಸಮಯ ಒಂದೇ ಇರಲಿ. ನಿದ್ದೆ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಕಾಫಿ, ಟೀ ಪೂರ್ತಿ ಬಿಡಬೇಕು ಅನ್ನುವುದಕ್ಕೆ ಆಧಾರ ಕಾಣೆ. ಸಂಜೆಯ ಮೇಲೆ ಬೇಡ, ಅದು ನಿದ್ದೆಗಾಗಿ.

ಮೂರನೆಯದು ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ. ಈ ತೊಂದರೆಯಿಂದ ಆಗುವ ಸಂಕಟ ಕಡಿಮೆ ಮಾಡುವುದರಲ್ಲಿ ಎಲ್ಲಕ್ಕಿಂತ ಗಟ್ಟಿ ಆಧಾರ ಇರುವುದು ಇದಕ್ಕೆ. ಮನಶ್ಶಾಸ್ತ್ರಜ್ಞರು ಮಾಡಿಸುತ್ತಾರೆ. ಹುಚ್ಚಿಗೆ ಕೊಡುವುದು ಅಂತ ಹಿಂಜರಿಯಬೇಡಿ. ಸದ್ದು ಬಂದಾಗ ಮನಸ್ಸಿನಲ್ಲಿ ಒಂದರ ಹಿಂದೆ ಒಂದು ಓಡುವ ಮಾತುಗಳನ್ನು ಹಿಡಿದು ನೋಡುವುದು ಅಷ್ಟೇ. ನೀವೇ ಇವತ್ತು ಶುರು ಮಾಡಬಹುದು. ಒಂದು ನೋಟ್‌ಬುಕ್ಕಿನ ಹಾಳೆಗೆ ಮಧ್ಯೆ ಗೆರೆ ಎಳೆಯಿರಿ. ಎಡಗಡೆ, ನಿನ್ನೆ ರಾತ್ರಿ ಮನಸ್ಸು ಏನಂದಿತು ಅಂತ ಬರೆಯಿರಿ. ‘ನಿದ್ದೆ ಬರಲ್ಲ, ನಾಳೆ ಮಗ್ಗ ಓಡಿಸಕ್ಕಾಗಲ್ಲ, ಸೀರೆ ಟೈಮಿಗೆ ಕೊಡಕ್ಕಾಗಲ್ಲ, ಸಾಲ ತೀರಲ್ಲ.’ ಬಲಗಡೆ, ಬೆಳಿಗ್ಗೆ ನಿಜವಾಗಿ ಏನಾಯಿತು ಅಂತ ಬರೆಯಿರಿ. ‘ಸುಸ್ತಿತ್ತು. ಆದರೂ ಮಗ್ಗ ಓಡಿತು.’ ಎರಡು ವಾರ ಬರೆದು ಎರಡೂ ಕಡೆ ಓದಿ. ಆದರೆ ಸದ್ದು ಇವತ್ತು ಎಷ್ಟಿತ್ತು ಅಂತ ದಿನಾ ಅಂಕ ಹಾಕಬೇಡಿ. ಬೆಳಿಗ್ಗೆ ಎದ್ದ ಕೂಡಲೇ ‘ಇದೆಯಾ’ ಅಂತ ಕಿವಿಗೊಟ್ಟು ನೋಡುವ ಚಾಳಿಯನ್ನೂ ಬಿಡಿ. ಹುಡುಕಿದರೆ ಅದು ಇದ್ದೇ ಇರುತ್ತದೆ. ಎದ್ದವರೇ ನೇರವಾಗಿ ಹೋಗಿ ಮುಖ ತೊಳೆಯಿರಿ, ನಲ್ಲಿ ಬಿಡಿ, ರೇಡಿಯೊ ಹಾಕಿ.

ಇನ್ನೊಂದನ್ನು ಈಗಲೇ ಮಾಡಿ ನೋಡಿ. ಹಲ್ಲು ಬಿಗಿಯಾಗಿ ಕಚ್ಚಿ. ಕತ್ತನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ. ಸದ್ದು ಏರಿಳಿಯಿತಾ? ಹಾಗಿದ್ದರೆ ದವಡೆ, ಕತ್ತಿನ ಸ್ನಾಯುಗಳ ಪಾತ್ರವೂ ಇದೆ. ಇಡೀ ದಿನ ಕತ್ತು ಬಗ್ಗಿಸಿ ಎಳೆ ನೋಡುವವರಲ್ಲಿ ಇದು ಆಶ್ಚರ್ಯವಲ್ಲ. ಫಿಸಿಯೊಥೆರಪಿಯಿಂದ, ರಾತ್ರಿ ಹಲ್ಲು ಕಡಿಯುವವರಾದರೆ ದಂತವೈದ್ಯರಿಂದ ಸ್ವಲ್ಪ ಅನುಕೂಲ ಆಗಬಹುದು.

ಎಷ್ಟು ದಿನ ಬೇಕು? ನಾಳೆ ಬೆಳಿಗ್ಗೆಗೆ ಏನೂ ಆಗುವುದಿಲ್ಲ. ಆರು ತಿಂಗಳಿಂದ ಒಂದೂವರೆ ವರ್ಷ ಅಂತ ಇಟ್ಟುಕೊಳ್ಳಿ. ನಡುವೆ ಮತ್ತೆ ಜೋರಾಗುವ ದಿನಗಳು ಬರುತ್ತವೆ. ಜ್ವರ ಬಂದಾಗ, ಮನೆಯಲ್ಲಿ ಚಿಂತೆ ಇದ್ದಾಗ. ಎಲ್ಲ ಹಾಳಾಯಿತು ಅಂದುಕೊಳ್ಳಬೇಡಿ, ಅದು ಇಳಿಯುತ್ತದೆ. ಗುಣವಾಗುವ ಗುರುತು ಸದ್ದು ನಿಲ್ಲುವುದಲ್ಲ. ಒಂದು ಸಂಜೆ ‘ಅರೆ, ಬೆಳಿಗ್ಗೆಯಿಂದ ಅದರ ನೆನಪೇ ಬರಲಿಲ್ಲವಲ್ಲ’ ಅನ್ನಿಸುತ್ತದೆ. ಆ ಸಂಜೆಗೆ ಕಾಯಿರಿ.

ಎಲ್ಲಿ ಹೋಗುವುದು ಅಂದರೆ, ನಿಮ್ಮ ಕಡೆಯ ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ಮೊದಲು ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1966ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಖಾಸಗಿಗಿಂತ ಖರ್ಚು ತುಂಬಾ ಕಡಿಮೆ.

ಕೊನೆಗೆ ಮಗ್ಗದ ಮನೆ. ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ, ಅದು ನಿಮ್ಮ ಅನ್ನ. ಆದರೆ ಇನ್ನು ಮುಂದೆ ಕಿವಿ ಮುಚ್ಚಿಕೊಳ್ಳದೆ ಒಳಗೆ ಕಾಲಿಡಬೇಡಿ. ಹತ್ತಿ ತುರುಕಿದರೆ ಏನೂ ಆಗುವುದಿಲ್ಲ, ಶಬ್ದ ಅದರೊಳಗೆ ನುಗ್ಗಿ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ, ಸೇಫ್ಟಿ ಸಾಮಾನಿನ ಅಂಗಡಿಯಲ್ಲಿ ಫೋಮ್ ಇಯರ್‌ಪ್ಲಗ್ ಸಿಗುತ್ತದೆ, ಬೆಲೆ ಕಡಿಮೆ. ಹಾಕುವ ರೀತಿ ಮುಖ್ಯ. ಕೈ ತೊಳೆದುಕೊಂಡು, ಊದುಬತ್ತಿ ಹೊಸೆದ ಹಾಗೆ ಪ್ಲಗ್ಗನ್ನು ಬೆರಳ ನಡುವೆ ಸಣ್ಣಗೆ ಹೊಸೆಯಿರಿ. ಬಲಗಿವಿಗೆ ಹಾಕುವುದಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲ್ತುದಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಆಗ ಒಳದಾರಿ ನೇರವಾಗುತ್ತದೆ. ಹೊಸೆದ ಪ್ಲಗ್ಗನ್ನು ತಳ್ಳಿ ಬೆರಳಿನಿಂದ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅದು ಒಳಗೆ ಉಬ್ಬಿಕೊಳ್ಳುತ್ತದೆ. ನಿಮ್ಮ ಮಾತೇ ಕೊಡದೊಳಗಿಂದ ಬಂದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ ಅಂತ ಅರ್ಥ. ಅರ್ಧ ಹೊರಗೆ ಕಾಣುತ್ತಿದ್ದರೆ ತೆಗೆದು ಮತ್ತೆ ಹಾಕಿ. ಲಾಳಿಯ ಸದ್ದು ಬದಲಾಗುವುದು ಪ್ಲಗ್ ಇದ್ದರೂ ತಿಳಿಯುತ್ತದೆ, ಹತ್ತು ದಿನದಲ್ಲಿ ರೂಢಿಯಾಗುತ್ತದೆ. ಮಗ್ಗದಿಂದ ಹೊರಗೆ ಬಂದ ಕೂಡಲೇ ತೆಗೆದುಬಿಡಿ. ಮನೆಯಲ್ಲೂ ಹಾಕಿಕೊಂಡು ಕೂತರೆ ಮೌನ ಹೆಚ್ಚಾಗಿ ಗುಯ್ ಇನ್ನೂ ಎದ್ದು ಕೇಳುತ್ತದೆ.

ನಿಮ್ಮ ಮಗನ ಕಿವಿಗೂ ಇವತ್ತೇ ಹಾಕಿಸಿ. ಅವನ ರೋಮಕೋಶಗಳು ಇನ್ನೂ ಉಳಿದಿವೆ. ಪರೀಕ್ಷೆಗೆ ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿ. ದಿನವಿಡೀ ಶಬ್ದ ಕೇಳಿದ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ, ಗ್ರಾಫ್ ತಪ್ಪು ತೋರಿಸುತ್ತದೆ. ಅದಕ್ಕೇ ಪರೀಕ್ಷೆಗೆ ಮೊದಲು ಕಡಿಮೆ ಅಂದರೆ 14 ಗಂಟೆ ಇಬ್ಬರೂ ಮಗ್ಗದಿಂದ ದೂರ ಇರಬೇಕು. ಭಾನುವಾರ ಮಧ್ಯಾಹ್ನ ಮಗ್ಗ ನಿಲ್ಲಿಸಿ, ಸೋಮವಾರ ಬೆಳಿಗ್ಗೆ ಹೊರಡಿ. ಇಷ್ಟು ದಿನ ನುಂಗಿದ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗುವುದು ಮರೆಯಬೇಡಿ.